ಒಕ್ಕಲಿಲ್ಲದ ದೇವರಿಗೆ ಕಲ್ಟ್ ಎಂಬ ಕಿರೀಟ

ಚಲನಚಿತ್ರವೊಂದು ತೆರೆಗೆ ಬರುವ ಮುನ್ನವೇ ಅದನ್ನು ‘ಕಲ್ಟ್ ಕ್ಲಾಸಿಕ್’ ಎಂದು ಘೋಷಿಸಿಬಿಡುವ ಕಾಲವಿದು. ಟ್ರೇಲರಿನ ಕೆಳಗೆ ಕಲ್ಟ್, ಪೋಸ್ಟರಿನ ಮೇಲೆ ಕಲ್ಟ್, ಮೊದಲ ದಿನದ ಮೊದಲ ಆಟ ಮುಗಿಸಿ ಹೊರಬಂದವರ ಮುಂದೆ ಮೈಕು ಹಿಡಿದರೆ ಅವರ ಬಾಯಲ್ಲೂ ಕಲ್ಟ್. ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲೇ ಅದರ ಷಷ್ಟ್ಯಬ್ದಿಯ ಆಮಂತ್ರಣ ಪತ್ರಿಕೆ ಹಂಚಿದಂತಿದೆ ಈ ಸಡಗರ. ಇದೊಂದು ನಿರುಪದ್ರವಿ ಉತ್ಪ್ರೇಕ್ಷೆಯೆಂದು ನಕ್ಕು ಮುಂದೆ ಹೋಗಬಹುದಿತ್ತು. ನಾವು ಹಾಗೆ ಹೋಗಲಾರೆವು. ಈ ಪದದ ಹಿಂದೆ ಸಾಮಾನ್ಯ ಪ್ರೇಕ್ಷಕರು ದಶಕಗಳ ಕಾಲ ಸಂಬಳವಿಲ್ಲದೆ ಮಾಡಿದ ಕೆಲಸವೊಂದಿದೆ. ಪದವನ್ನು ಕದಿಯುವವರು ಆ ಕೆಲಸವನ್ನೂ ಅದರ ಫಲವನ್ನೂ ಸೇರಿಸಿಯೇ ಕದಿಯುತ್ತಿದ್ದಾರೆ.

ನಮ್ಮ ವಾದ ಸರಳವಾದದ್ದು. ಚಿತ್ರವೊಂದನ್ನು ಕಲ್ಟ್ ಆಗಿಸುವ ಅಧಿಕಾರ ನಿರ್ಮಾಪಕನಿಗಿಲ್ಲ, ವಿಮರ್ಶಕನಿಗಿಲ್ಲ, ಪ್ರಶಸ್ತಿ ಸಮಿತಿಗೂ ಇಲ್ಲ. ಆ ಅಧಿಕಾರ ಇರುವುದು ಅದನ್ನು ಮತ್ತೆ ಮತ್ತೆ ನೋಡಿ, ಅದರ ಮಾತನ್ನು ತಮ್ಮ ಮಾತಾಗಿಸಿಕೊಂಡು, ಮುಂದಿನ ತಲೆಮಾರಿಗೆ ದಾಟಿಸಿದ ಜನಕ್ಕೆ ಮಾತ್ರ. ಅಂಥ ಜನವಿಲ್ಲದ ಚಿತ್ರ ಒಳ್ಳೆಯದಿರಬಹುದು, ಶ್ರೇಷ್ಠವೂ ಇರಬಹುದು, ಕೋಟಿಗಟ್ಟಲೆ ಗಳಿಸಿರಬಹುದು. ಆದರೆ ಕಲ್ಟ್ ಅಲ್ಲ.

ಈ ಮಾತು ಬಳಕೆಗೆ ಬಂದ ಸನ್ನಿವೇಶವನ್ನೊಮ್ಮೆ ನೆನೆಯೋಣ. 1970ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರವು ಅಲೆಹಾಂದ್ರೊ ಹೊಡೊರೊವ್‌ಸ್ಕಿಯ ‘ಎಲ್ ತೋಪೊ’ ಚಿತ್ರವನ್ನು ಮಧ್ಯರಾತ್ರಿಯ ಆಟವಾಗಿ ತೋರಿಸತೊಡಗಿತು. ಬಾಯಿಂದ ಬಾಯಿಗೆ ಸುದ್ದಿ ಹರಡಿ, ಆ ಆಟಗಳು ತಿಂಗಳುಗಟ್ಟಲೆ ನಡೆದವು. 1975ರಲ್ಲಿ ಬಿಡುಗಡೆಯಾದ ‘ದ ರಾಕಿ ಹಾರರ್ ಪಿಕ್ಚರ್ ಷೋ’ ಆರಂಭದಲ್ಲಿ ಅಮೆರಿಕದಲ್ಲಿ ನೆಲಕಚ್ಚಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದ ಮಧ್ಯರಾತ್ರಿಯ ಆಟಕ್ಕೆ ಬಂದವರು ಅದನ್ನು ಎತ್ತಿ ನಿಲ್ಲಿಸಿದರು. ಪಾತ್ರಗಳ ವೇಷ ತೊಟ್ಟು ಬಂದರು, ತೆರೆಯ ಮೇಲಿನ ಮದುವೆಗೆ ಇಲ್ಲಿಂದ ಅಕ್ಕಿ ಎರಚಿದರು, ತೆರೆಯ ಮೇಲೆ ಮಳೆ ಬಂದಾಗ ಇಲ್ಲಿ ತಲೆಯ ಮೇಲೆ ಪತ್ರಿಕೆ ಹಿಡಿದರು, ಸಂಭಾಷಣೆಯ ನಡುವಿನ ಮೌನಗಳಿಗೆ ಬೈಗುಳ ಸೇರಿಸಿದರು. ನಿರ್ದೇಶಕ ಜಿಮ್ ಶರ್ಮನ್ ಅದನ್ನು ಮಾಡಿ ಮುಗಿಸಿದ್ದ. ಜನ ಅದನ್ನು ಇಂದಿಗೂ ಮಾಡುತ್ತಲೇ ಇದ್ದಾರೆ. ಕಲ್ಟ್ ಎಂದರೆ ಈ ಎರಡನೆಯ ಮಾಡುವಿಕೆ.

ಪದದ ಬೇರನ್ನು ಕೆದಕಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಇಂಗ್ಲಿಷಿನ ‘ಕಲ್ಟ್’ ಪದ ಲ್ಯಾಟಿನ್ನಿನ ‘ಕೊಲೆರೆ’ ಎಂಬ ಧಾತುವಿನಿಂದ ಬಂದದ್ದು. ಆ ಧಾತುವಿಗೆ ಉಳುವುದು, ನೆಲೆಸುವುದು, ಪೂಜಿಸುವುದು ಎಂಬ ಮೂರೂ ಅರ್ಥಗಳಿವೆ. ಕಲ್ಚರ್, ಅಗ್ರಿಕಲ್ಚರ್ ಇವೆಲ್ಲ ಅದರದೇ ಸಂತಾನ. ಇಂಥ ಪದ ಕನ್ನಡಕ್ಕೆ ಇಲ್ಲವೆಂದು ಕೊರಗುವವರು ಉಂಟು. ಅವರು ನಮ್ಮ ಹಳ್ಳಿಗಳ ಕಡೆ ಒಮ್ಮೆ ಕಿವಿಗೊಡಬೇಕು. ‘ಒಕ್ಕಲು’ ಎಂಬ ನಮ್ಮ ಪದಕ್ಕೆ ಈ ಮೂರೂ ಅರ್ಥಗಳಿವೆ. ನೆಲ ಉಳುವವನು ಒಕ್ಕಲು. ಹೊಸ ಮನೆಗೆ ಹೋಗಿ ನೆಲೆಸುವುದು ಮನೆಯೊಕ್ಕಲು. ಮೈಲಾರಲಿಂಗನಿಗೋ ಮಲೆಯ ಮಾದಪ್ಪನಿಗೋ ತಲೆತಲಾಂತರದಿಂದ ನಡೆದುಕೊಳ್ಳುವ ಮನೆತನವೂ ಆ ದೇವರ ಒಕ್ಕಲು. ಲ್ಯಾಟಿನ್ ಧಾತು ಹೇಳುವುದನ್ನು ನಮ್ಮ ಅಜ್ಜಿಯರು ಒಂದು ಅಕ್ಷರ ಕಲಿಯದೆಯೂ ಹೇಳುತ್ತಿದ್ದರು.

ಆದ್ದರಿಂದ ಕಲ್ಟ್ ಚಿತ್ರವೆಂದರೆ ಒಕ್ಕಲಿರುವ ಚಿತ್ರ ಎಂದು ನಾವು ಹೇಳುತ್ತೇವೆ. ಒಕ್ಕಲಿಗೂ ಗಿರಾಕಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಗಿರಾಕಿ ಟಿಕೆಟು ಕೊಂಡು, ಸರಕು ಪಡೆದು, ಲೆಕ್ಕ ಚುಕ್ತಾ ಮಾಡಿ ಹೊರಡುತ್ತಾನೆ. ಒಕ್ಕಲಿನ ಲೆಕ್ಕ ಎಂದೂ ಚುಕ್ತಾ ಆಗುವುದಿಲ್ಲ. ಅವನು ವರ್ಷವರ್ಷವೂ ಜಾತ್ರೆಗೆ ಮರಳುತ್ತಾನೆ, ದೇವರ ಕತೆಯನ್ನು ತನ್ನ ಮಾತಿನಲ್ಲಿ ಹೇಳಬಲ್ಲ, ಗುಡಿಯ ಮಾಡು ಸೋರಿದರೆ ಹೆಂಚು ಹೊದಿಸುತ್ತಾನೆ, ಮಗನಿಗೆ ಮದುವೆಯಾದರೆ ಸೊಸೆಯನ್ನು ಕರೆತಂದು ದೇವರಿಗೆ ಒಪ್ಪಿಸುತ್ತಾನೆ. ಊರು ಬಿಟ್ಟು ಮುಂಬಯಿಗೋ ದಿಲ್ಲಿಗೋ ಬಂದರೂ ಅವನ ಮನೆದೇವರು ಬದಲಾಗುವುದಿಲ್ಲ. ಮರಳುವುದು, ಮಾತಾಗಿಸಿಕೊಳ್ಳುವುದು, ದಾಟಿಸುವುದು: ಈ ಮೂರು ಲಕ್ಷಣಗಳನ್ನು ಇಟ್ಟುಕೊಂಡು ಇಂದು ಚಲಾವಣೆಯಲ್ಲಿರುವ ಕೆಲವು ನಂಬಿಕೆಗಳನ್ನು ಪರೀಕ್ಷಿಸೋಣ.

ಮೊದಲನೆಯದು, ಸೋತ ಚಿತ್ರವೇ ಕಲ್ಟ್ ಆಗುತ್ತದೆ ಎಂಬ ನಂಬಿಕೆ. ಇದು ಸೋತ ನಿರ್ಮಾಪಕರಿಗೆ ಸಮಾಧಾನ ನೀಡಬಹುದು, ಸತ್ಯವಂತೂ ಅಲ್ಲ. 1942ರ ‘ಕಾಸಾಬ್ಲಾಂಕಾ’ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದದ್ದು. ಅದರ ಒಕ್ಕಲು ಬೆಳೆದದ್ದು 1957ರಿಂದೀಚೆಗೆ, ಹಾರ್ವರ್ಡ್ ವಿಶ್ವವಿದ್ಯಾಲಯದ ನೆರೆಯ ಬ್ರ್ಯಾಟಲ್ ಚಿತ್ರಮಂದಿರದಲ್ಲಿ. ಅಲ್ಲಿಯ ವಿದ್ಯಾರ್ಥಿಗಳು ಚಿತ್ರವನ್ನು ಮತ್ತೆ ಮತ್ತೆ ನೋಡಿ ನಟರ ಜೊತೆಯಲ್ಲೇ ಸಂಭಾಷಣೆ ಒಪ್ಪಿಸುತ್ತಿದ್ದರು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ 1975ರ ಮಹಾಯಶಸ್ಸು. ಆದರೂ ಅದರ ಸಂಭಾಷಣೆಗಳನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೊಂಡು ಕೇಳಿ ಬಾಯಿಪಾಠ ಮಾಡಿದ ಜನರಿದ್ದರು. ಉಪೇಂದ್ರರ ‘ಓಂ’ 1995ರಲ್ಲಿ ಗೆದ್ದ ಚಿತ್ರವೇ. ಗೆದ್ದ ಮೇಲೂ ಅದು ಹಳತಾಗಲಿಲ್ಲ. ಬಹುಕಾಲ ಕಿರುತೆರೆಗೆ ಬಾರದೆ, ಕರ್ನಾಟಕದ ಚಿತ್ರಮಂದಿರಗಳಿಗೆ ಮರಳಿ ಮರಳಿ ಬಂದು, ಹೊಸ ಚಿತ್ರ ಕೈಕೊಟ್ಟ ವಾರ ಥಿಯೇಟರಿನವರನ್ನು ಕಾಯುವ ಚಿತ್ರವಾಯಿತು. ಗೆಲುವು ಒಕ್ಕಲನ್ನು ಓಡಿಸುವುದಿಲ್ಲ, ಸೋಲು ತಾನಾಗಿ ಅದನ್ನು ತರುವುದೂ ಇಲ್ಲ. ವರ್ಷಕ್ಕೆ ನೂರಾರು ಚಿತ್ರಗಳು ಸೋಲುತ್ತವೆ. ಅವುಗಳಲ್ಲಿ ಬಹುಪಾಲು ಸೋತೇ ಉಳಿಯುತ್ತವೆ, ಅದರಲ್ಲಿ ಅನ್ಯಾಯವೇನೂ ಇಲ್ಲ.

ಸೋಲಿನಿಂದ ಎದ್ದು ಬಂದ ಚಿತ್ರಗಳ ಕತೆಯನ್ನೂ ಸರಿಯಾಗಿ ಓದಬೇಕು. ಕುಂದನ್ ಶಾ ನಿರ್ದೇಶನದ ‘ಜಾನೆ ಭಿ ದೋ ಯಾರೋ’ 1983ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಹಣದಲ್ಲಿ, 7 ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ತಯಾರಾಯಿತು. ವಿನೋದ್ ಮತ್ತು ಸುಧೀರ್ ಎಂಬ ಇಬ್ಬರು ಬಡ ಫೋಟೋಗ್ರಾಫರುಗಳು ತಾವೇ ತೆಗೆದ ಚಿತ್ರದೊಳಗೆ ಕೊಲೆಯೊಂದರ ಸುಳಿವು ಕಂಡು, ಬಿಲ್ಡರುಗಳು, ಅಧಿಕಾರಿಗಳು, ಪತ್ರಿಕಾ ಸಂಪಾದಕಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಅರಿಯುವ ಕತೆ. ಗಲ್ಲಾಪೆಟ್ಟಿಗೆಯಲ್ಲಿ ಅದು ಗೆಲ್ಲಲಿಲ್ಲ. ಮುಂದೆ ದೂರದರ್ಶನದಲ್ಲಿ ಅದನ್ನು ಕಂಡವರು, ಬಳಿಕ ಕ್ಯಾಸೆಟ್ಟಿನಲ್ಲಿ ಹಂಚಿಕೊಂಡವರು, ಆ ಮಹಾಭಾರತದ ನಾಟಕದ ದೃಶ್ಯವನ್ನು ಕಾಲೇಜು ವಾರ್ಷಿಕೋತ್ಸವಗಳಲ್ಲಿ ಅನುಕರಿಸಿದವರು ಅದನ್ನು ಉಳಿಸಿದರು. ಅವರನ್ನು ಹಿಡಿದಿಟ್ಟದ್ದು ಕೇವಲ ನಗೆಯಲ್ಲ. ಸೇತುವೆ ಕುಸಿದಾಗಲೆಲ್ಲ, ಬಹುಮಹಡಿ ಕಟ್ಟಡದ ಕಡತ ಮಾಯವಾದಾಗಲೆಲ್ಲ, ಈ ದೇಶದ ನಾಗರಿಕನಿಗೆ ಆ ಚಿತ್ರ ನೆನಪಾಗಬೇಕಾಗಿ ಬಂತು. ಕೊನೆಯಲ್ಲಿ ಕೈದಿಗಳ ಉಡುಪಿನಲ್ಲಿ ಮುಂಬಯಿಯ ಬೀದಿಯಲ್ಲಿ ನಡೆದು ಬರುವ ಆ ಇಬ್ಬರು ಅಮಾಯಕರನ್ನು ಮರೆಯಲು ಮುಂಬಯಿ ಅವಕಾಶವನ್ನೇ ಕೊಡಲಿಲ್ಲ. ಚಿತ್ರ ತನ್ನ ಕಾಲಕ್ಕೆ ಸೋತಿತೆಂಬುದು ಇಲ್ಲಿ ಆಕಸ್ಮಿಕ. ಜನರಿಗೆ ಅದರ ಅಗತ್ಯ ಮತ್ತೆ ಮತ್ತೆ ಬಿತ್ತೆಂಬುದು ಮುಖ್ಯ.

ಎರಡನೆಯದು, ವಿಚಿತ್ರವಾದದ್ದೆಲ್ಲ, ಕೆಟ್ಟದ್ದೆಲ್ಲ ಕಲ್ಟ್ ಎಂಬ ನಂಬಿಕೆ. 2003ರ ‘ದ ರೂಮ್’ ಚಿತ್ರವನ್ನು ಜನ ಅದರ ಕೆಟ್ಟತನಕ್ಕಾಗಿಯೇ ನೋಡುತ್ತಾರೆ, ತೆರೆಯತ್ತ ಪ್ಲಾಸ್ಟಿಕ್ ಚಮಚ ಎಸೆಯುತ್ತಾರೆ ಎಂಬುದು ನಿಜ. ಆದರೆ ಅದನ್ನು ಮಾಡಿದ ಟಾಮಿ ವೈಸೋ ಕೆಟ್ಟ ಚಿತ್ರ ಮಾಡಲು ಹೊರಟವನಲ್ಲ. ಆ ಪ್ರಾಮಾಣಿಕ ವೈಫಲ್ಯದಲ್ಲಿ ಜನರಿಗೆ ಏನೋ ಮನುಷ್ಯ ಸಹಜವಾದದ್ದು ಕಂಡಿತು. ಲೆಕ್ಕ ಹಾಕಿ ವಿಚಿತ್ರವಾಗಲು ಹೊರಟವರ ಗತಿಯನ್ನು ತಿಳಿಯಬೇಕಾದರೆ 2006ರ ‘ಸ್ನೇಕ್ಸ್ ಆನ್ ಎ ಪ್ಲೇನ್’ ಚಿತ್ರವನ್ನು ನೋಡಬೇಕು. ಶೀರ್ಷಿಕೆ ಕೇಳಿಯೇ ಅಂತರ್ಜಾಲದಲ್ಲಿ ಗದ್ದಲವೆದ್ದಿತು. ಗದ್ದಲವನ್ನೇ ಬೇಡಿಕೆಯೆಂದು ತಿಳಿದ ಸ್ಟುಡಿಯೋ ಕೆಲವು ಭಾಗಗಳನ್ನು ಮತ್ತೆ ಚಿತ್ರೀಕರಿಸಿ ಸೇರಿಸಿತು. ಬಿಡುಗಡೆಯ ದಿನ ಬಂದಾಗ ನಿರೀಕ್ಷಿಸಿದ ಜನ ಬರಲಿಲ್ಲ. ಮೆರವಣಿಗೆ ಮೊದಲೇ ಮುಗಿದುಹೋಗಿತ್ತು. ದೇವರು ಗುಡಿಗೆ ಬರುವಷ್ಟರಲ್ಲಿ ಜಾತ್ರೆ ಚದುರಿತ್ತು.

ಮೂರನೆಯದು ನಮ್ಮ ದಕ್ಷಿಣದ ರೋಗ: ತಾರೆಯ ಆರಾಧನೆಯನ್ನು ಚಿತ್ರದ ಆರಾಧನೆಯೆಂದು ತಿಳಿಯುವುದು. ಕಟೌಟಿಗೆ ಹಾಲೆರೆಯುವವನು ನಟನ ಭಕ್ತ. ಮುಂದಿನ ಶುಕ್ರವಾರ ಅದೇ ನಟನ ಮತ್ತೊಂದು ಚಿತ್ರ ಬಂದರೆ ಅವನ ಹಾಲು ಅತ್ತ ಹರಿಯುತ್ತದೆ, ಹಿಂದಿನ ಚಿತ್ರದ ಹೆಸರೂ ಅವನಿಗೆ ಬೇಕಾಗುವುದಿಲ್ಲ. ಅಭಿಮಾನಿಗೆ ತನ್ನ ನಾಯಕನ ಬಗ್ಗೆ ಒಂದು ಮಾತು ಆಡಿದರೆ ಕೋಪ ಬರುತ್ತದೆ. ಒಕ್ಕಲಿನ ಸಲುಗೆಯೇ ಬೇರೆ. ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಕಾಡಿನ ಮಕ್ಕಳು ತಮ್ಮ ದೇವರನ್ನೇ ಬಾಯಿಗೆ ಬಂದಂತೆ ಬೈಯುತ್ತಾರೆ. ಅದು ಅವರ ಹಕ್ಕು, ಅದೇ ಅವರ ಭಕ್ತಿ. ವೇವರ್ಲಿಯ ಮಧ್ಯರಾತ್ರಿಯಲ್ಲಿ ತೆರೆಯತ್ತ ಕೂಗಿದವರಿಗೂ ದೇವರಪುರದವರಿಗೂ ಈ ಒಂದು ಅಂಶದಲ್ಲಿ ನೆಂಟಸ್ತಿಕೆಯಿದೆ. ‘ಓಂ’ ರೌಡಿಗಳ ಬದುಕಿಗೆ ಮೆರುಗು ಹಚ್ಚಿತೆಂಬ ಆಕ್ಷೇಪವನ್ನು ಅದನ್ನು ಹತ್ತು ಬಾರಿ ನೋಡಿದವನು ಹೇಳಿದಾಗ ಅದಕ್ಕೊಂದು ತೂಕವಿರುತ್ತದೆ. ಕಲ್ಟ್ ಎಂದರೆ ಕುರುಡು ಪಂಥವಲ್ಲವೆ ಎಂದು ಮೂಗು ಮುರಿಯುವವರಿಗೆ ನಮ್ಮ ಉತ್ತರ ಇದು: ಬೈಯುವ ಸ್ವಾತಂತ್ರ್ಯ ಎಲ್ಲಿ ಉಳಿದಿದೆಯೋ ಅಲ್ಲಿ ಕುರುಡುತನ ಪೂರ್ತಿಯಾಗಿಲ್ಲ.

ಹಾಗಾದರೆ ಚಿತ್ರದ ಪಾಲು ಏನೂ ಇಲ್ಲವೆ? ಇದೆ. ಎಲ್ಲ ನೆಲವೂ ಉಳುಮೆಗೆ ಬರುವುದಿಲ್ಲ. ಇಟಲಿಯ ಚಿಂತಕ ಉಂಬೆರ್ತೊ ಎಕೊ ‘ಕಾಸಾಬ್ಲಾಂಕಾ’ ಕುರಿತ ತಮ್ಮ ಪ್ರಬಂಧದಲ್ಲಿ ಎರಡು ಗುಣಗಳನ್ನು ಹೇಳುತ್ತಾರೆ. ಚಿತ್ರ ಸಕಲ ಸಾಮಗ್ರಿಗಳಿಂದ ತುಂಬಿದ ಒಂದು ಲೋಕವಾಗಿರಬೇಕು. ಅದು ಒಡೆಯುವಂತಿರಬೇಕು, ಅಂದರೆ ಅದರ ಚೂರುಗಳನ್ನು ಇಡಿಯ ನೆನಪಿಲ್ಲದೆಯೂ ಕಿತ್ತು ಜೇಬಿನಲ್ಲಿಟ್ಟುಕೊಳ್ಳಲು ಬರಬೇಕು. 1994ರ ‘ಅಂದಾಜ್ ಅಪ್ನಾ ಅಪ್ನಾ’ ಚಿತ್ರವನ್ನು ನೋಡಿ. ಆ ಕಾಲಕ್ಕೆ ಮಂಕಾಗಿ ಹೋದ ಚಿತ್ರ. ಕತೆಯನ್ನು ಕ್ರಮವಾಗಿ ಹೇಳೆಂದರೆ ಅದರ ಪರಮಭಕ್ತನೂ ತಡವರಿಸುತ್ತಾನೆ. ಆದರೆ ಅವಳಿ ಸೋದರರ ಗೊಂದಲ, ಆ ಅಸಂಬದ್ಧ ಖಳನ ಒಂದೊಂದು ಮಾತು, ಯಾವುದನ್ನು ಎಲ್ಲಿ ಬೇಕಾದರೂ ಕಿತ್ತುಕೊಳ್ಳಬಹುದು. ಉತ್ತರ ಭಾರತದ ಕಚೇರಿಗಳಲ್ಲಿ ಊಟದ ಹೊತ್ತಿನಲ್ಲಿ ಇಬ್ಬರು ಅಪರಿಚಿತರು ಸಹೋದ್ಯೋಗಿಗಳಾಗುವುದಕ್ಕೆ ಆ ಚಿತ್ರದ ಒಂದು ಸಾಲು ಸಾಕು.

ಕನ್ನಡದಲ್ಲಿ ಇದಕ್ಕೆ ನಾವು ಕೊಡುವ ನಿದರ್ಶನ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’. 2014ರ ಮಾರ್ಚಿನಲ್ಲಿ ತೆರೆಕಂಡಾಗ ಅದು ಗಲ್ಲಾಪೆಟ್ಟಿಗೆಯಲ್ಲಿ ದೊಡ್ಡ ಗೆಲುವು ಕಾಣಲಿಲ್ಲ. ಮಲ್ಪೆಯ ಕಡಲು, ಕೃಷ್ಣ ಜನ್ಮಾಷ್ಟಮಿಯ ಹುಲಿವೇಷ, ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಕಂಡ ಅಧ್ಯಾಯಗಳು, ಅವನ್ನೆಲ್ಲ ಕೂಡಿಸಲು ಹೊರಟ ಒಬ್ಬ ಪತ್ರಕರ್ತೆ. ಎಕೊ ಹೇಳಿದ ತುಂಬಿದ ಲೋಕ ಅಲ್ಲಿದೆ. ಎಲ್ಲಕ್ಕಿಂತ ಮಿಗಿಲಾಗಿ, ಕರಾವಳಿಯ ಕನ್ನಡವನ್ನು ಹಾಸ್ಯಪಾತ್ರದ ಬಾಯಿಂದ ಬಿಡಿಸಿ ಕತೆಯ ನಡುಮನೆಗೆ ತಂದ ಚಿತ್ರವದು. ಇದೇ ಕತೆ 2017ರಲ್ಲಿ ‘ರಿಚಿ’ ಎಂಬ ಹೆಸರಿನಲ್ಲಿ ತಮಿಳಿಗೆ ಹೋಯಿತು. ಕತೆ ಹೋಯಿತು, ಲೋಕ ಹೋಗಲಿಲ್ಲ, ಒಕ್ಕಲೂ ಹುಟ್ಟಲಿಲ್ಲ. ಸೂತ್ರವನ್ನು ನಕಲು ಮಾಡಬಹುದು, ಒಕ್ಕಲನ್ನು ನಕಲು ಮಾಡಲಾಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಇಲ್ಲಿ ನಮ್ಮ ಸಾಹಿತ್ಯವಲಯದ ಒಂದು ಮಡಿವಂತಿಕೆಯನ್ನೂ ಎತ್ತಿ ಹೇಳಬೇಕು. ನಮ್ಮಲ್ಲಿ ಸಿನಿಮಾಕ್ಕೆ ಎರಡು ಪಂಕ್ತಿಗಳಿವೆ. ಸ್ವರ್ಣಕಮಲ ಪಡೆದದ್ದು ‘ಕ್ಲಾಸಿಕ್’, ಅದಕ್ಕೆ ಒಳಮನೆಯಲ್ಲಿ ಎಲೆ. ಜನ ಮುಗಿಬಿದ್ದು ನೋಡಿದ್ದು ‘ಕಲ್ಟ್’, ಅದಕ್ಕೆ ಹಜಾರದಲ್ಲಿ. ಈ ವಿಂಗಡಣೆಯಿಂದ ಎರಡಕ್ಕೂ ಕೇಡಾಗಿದೆ. ಹಜಾರದ ಚಿತ್ರಗಳನ್ನು ನಾವು ವಿಮರ್ಶೆಗೆ ಯೋಗ್ಯವೆಂದೇ ಎಣಿಸುವುದಿಲ್ಲ, ಹಾಗಾಗಿ ಅವುಗಳ ಬಗ್ಗೆ ಬರೆಯುವ ಕೆಲಸ ಪ್ರಚಾರದವರ ಪಾಲಾಗಿದೆ. ಒಳಮನೆಯ ಚಿತ್ರಗಳಿಗೆ ನಮಸ್ಕಾರವಿದೆ, ಒಕ್ಕಲಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಅದನ್ನು ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಹೆಮ್ಮೆಪಟ್ಟವರಲ್ಲಿ ಎಷ್ಟು ಮನೆಗಳು ಯಮುನಕ್ಕನ ಕತೆಯನ್ನು ತಮ್ಮ ಮಕ್ಕಳ ಜೊತೆ ಕುಳಿತು ನೋಡಿವೆ? ಆ ಪುಟ್ಟ ಹುಡುಗ ನಾಣಿಯ ಕಣ್ಣುಗಳು ಯಾವ ಹಾಡು, ಯಾವ ಹೊಡೆದಾಟಕ್ಕೂ ಕಡಿಮೆಯಿಲ್ಲದೆ ಮನಸ್ಸಿನಲ್ಲಿ ನಾಟುವಂಥವು. ಒಕ್ಕಲಾಗುವ ಗುಣ ಆ ಚಿತ್ರಕ್ಕಿದೆ. ಅದನ್ನು ಪೀಠದ ಮೇಲೆ ಕೂರಿಸಿ ದೂರದಿಂದ ಕೈಮುಗಿಯುವ ಅಭ್ಯಾಸ ಅಡ್ಡ ನಿಂತಿದೆ.

ಒಂದು ಹಣೆಪಟ್ಟಿಗೆ ಇಷ್ಟೊಂದು ರಂಪವೇಕೆ ಎಂದು ಕೇಳುವವರಿದ್ದಾರೆ. ಪದಗಳ ಅರ್ಥ ಕಾಲಕಾಲಕ್ಕೆ ಬದಲಾಗುತ್ತದೆ, ಕಲ್ಟ್ ಎಂದರೆ ಇಂದು ‘ತುಂಬ ಚೆನ್ನಾಗಿದೆ’ ಎಂದಷ್ಟೇ ಅರ್ಥ, ಬಿಟ್ಟುಬಿಡಿ ಎನ್ನುತ್ತಾರೆ. ನಮ್ಮಂತೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಡತಗಳ ನಡುವೆ ಬದುಕುವವರಿಗೆ ಮೊಹರಿನ ಮಹಿಮೆ ಗೊತ್ತು. ಮೊಹರು ಬಿದ್ದ ಮೇಲೆ ಒಳಗಿನ ಕಾಗದವನ್ನು ಯಾರೂ ಓದುವುದಿಲ್ಲ. ಯಾವ ಚಿತ್ರವನ್ನು ಮತ್ತೆ ತೆರೆಗೆ ತರಬೇಕು, ಯಾವುದರ ನೆಗೆಟಿವ್ ಹುಡುಕಿಸಿ ಶುಚಿಗೊಳಿಸಬೇಕು, ಯಾವುದನ್ನು ಒಟಿಟಿಯ ಮುಂಗಟ್ಟೆಯಲ್ಲಿಡಬೇಕು ಎಂದು ತೀರ್ಮಾನಿಸುವವರು ಈ ಮೊಹರುಗಳನ್ನು ನೋಡಿಯೇ ತೀರ್ಮಾನಿಸುತ್ತಾರೆ. ಸುಳ್ಳು ಮೊಹರುಗಳ ರಾಶಿಯಲ್ಲಿ ನಿಜವಾದ ಒಕ್ಕಲಿರುವ, ಆದರೆ ಪ್ರಚಾರಕ್ಕೆ ದಿಕ್ಕಿಲ್ಲದ ಚಿತ್ರ ಕಾಣದೆ ಹೋಗುತ್ತದೆ.

ಕಾಣದೆ ಹೋಗುವುದೆಂದರೆ ಅಲಂಕಾರದ ಮಾತಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾಯಿತು. ಹೊರನಾಡಿನಲ್ಲಿ ಹುಟ್ಟಿದ ಆ ಚೊಚ್ಚಲ ಕೂಸಿನ ಒಂದು ಪ್ರತಿಯೂ ಇಂದು ನಮ್ಮ ಪಾಲಿಗೆ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರೊಳಗೆ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಸೇರಿದಂತೆ ಎಷ್ಟೋ ಚಿತ್ರಗಳು ಮಣ್ಣಾಗಿದ್ದವು. ಪ್ರಿಂಟಿನಲ್ಲಿರುವ ಬೆಳ್ಳಿಗಾಗಿ ಫಿಲ್ಮನ್ನು ಗುಜರಿಗೆ ಮಾರಿದ ಕಾಲವೊಂದಿತ್ತು. ಒಕ್ಕಲಿದ್ದ ದೇವರ ಗುಡಿ ಬಿದ್ದರೂ ಮತ್ತೆ ಏಳುತ್ತದೆ. ಒಕ್ಕಲಿಲ್ಲದ ಗುಡಿಯ ಕಲ್ಲು ಊರಿನ ಚರಂಡಿಗೆ ಚಪ್ಪಡಿಯಾಗುತ್ತದೆ. ಸಿನಿಮಾಕ್ಕೂ ಇದೇ ನ್ಯಾಯ.

ಇನ್ನು ಮರುಬಿಡುಗಡೆಯ ಹೊಸ ವ್ಯಾಪಾರವನ್ನು ನೋಡೋಣ. 2018ರ ‘ತುಂಬಾಡ್’ 2024ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಗೆ ಬಂದು ಮೊದಲ ಬಾರಿಗಿಂತ ಹೆಚ್ಚು ಗಳಿಸಿತು. ನಡುವಿನ ಆರು ವರ್ಷ ಅದನ್ನು ಮನೆಮನೆಗೆ ಹೇಳಿ ತೋರಿಸಿದವರು ಪ್ರೇಕ್ಷಕರು. ಬೆಳೆ ಬಂದಿತು, ಒಳ್ಳೆಯದೇ ಆಯಿತು. ಆದರೆ ಉತ್ತವನಿಗೆ ನೆಲದ ಮೇಲೆ ಯಾವ ಹಕ್ಕೂ ಇಲ್ಲವೆಂಬುದು 2025ರ ಆಗಸ್ಟಿನಲ್ಲಿ ಬಯಲಾಯಿತು. ಆನಂದ್ ಎಲ್. ರಾಯ್ ಅವರ ‘ರಾಂಝಣಾ’ ಚಿತ್ರದ ತಮಿಳು ರೂಪವನ್ನು ಮರುಬಿಡುಗಡೆ ಮಾಡುವಾಗ ಹಕ್ಕುದಾರ ಸಂಸ್ಥೆ ಕೃತಕ ಬುದ್ಧಿಮತ್ತೆಯಿಂದ ಕೊನೆಯನ್ನೇ ಬದಲಿಸಿ, ಸಾಯಬೇಕಾದ ನಾಯಕನನ್ನು ಬದುಕಿಸಿತು. ನಿರ್ದೇಶಕರು ಪ್ರತಿಭಟಿಸಿದರು, ನಾಯಕ ನಟ ಧನುಷ್ ಪ್ರತಿಭಟಿಸಿದರು. ಚಿತ್ರಮಂದಿರದಲ್ಲಿ ಹೊಸ ಕೊನೆಯೇ ಓಡಿತು. ಹತ್ತು ವರ್ಷ ಆ ಸಾವನ್ನು ಹೊತ್ತು ತಿರುಗಿದ ಪ್ರೇಕ್ಷಕನನ್ನು ಯಾರೂ ಕೇಳಲಿಲ್ಲ. ಕೊನೆಯಲ್ಲಿ ಅಪಜಯವೇ ಇರುವ ‘ಜಾನೆ ಭಿ ದೋ ಯಾರೋ’ ಚಿತ್ರಕ್ಕೆ ನಾಳೆ ಯಾರಾದರೂ ನ್ಯಾಯಾಲಯದಲ್ಲಿ ಜಯ ಕೊಡಿಸಿದರೆ? ನಾಣಿಯ ಕೊನೆಯ ನೋಟವನ್ನು ನಗುವಾಗಿ ತಿದ್ದಿದರೆ? ಕಾನೂನು ಹಕ್ಕುದಾರನನ್ನು ಗುರುತಿಸುತ್ತದೆ, ಒಕ್ಕಲನ್ನು ಗುರುತಿಸುವುದಿಲ್ಲ. ಆದ್ದರಿಂದಲೇ ಕಲ್ಟ್ ಎಂಬ ಪದ ಯಾರ ಸ್ವತ್ತೆಂಬ ಜಗಳ ನಮಗೆ ಪದದ ಜಗಳವಾಗಿ ಕಾಣುವುದಿಲ್ಲ. ಆ ಪದವನ್ನೂ ಬಿಟ್ಟುಕೊಟ್ಟರೆ ‘ಇದು ನಾವು ಉಳಿಸಿದ್ದು, ಮುಟ್ಟಬೇಡಿ’ ಎನ್ನುವುದಕ್ಕೆ ನಮ್ಮ ಬಳಿ ಬೇರೆ ಆಧಾರವೇ ಇರುವುದಿಲ್ಲ.

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಈ ಮಾತು ಹೆಚ್ಚು ತಟ್ಟಬೇಕು. ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಕ್ಕಾಗಿ, ಕನ್ನಡದ ಸರದಿ ಎಂದು ಬರುವುದೋ ಎಂದು ಕಾದ ತಲೆಮಾರು ನಮ್ಮದು. ನಮ್ಮ ಮಕ್ಕಳಿಗೆ ಇಂದು ಬೆರಳ ತುದಿಯಲ್ಲಿ ಎಲ್ಲವೂ ಇದೆ, ಕಾಯುವ ಕಾರಣವೊಂದೇ ಇಲ್ಲ. ಪುಣೆಯ ಶಾಲೆಯಲ್ಲಿ ಮರಾಠಿ, ದಿಲ್ಲಿಯ ಶಾಲೆಯಲ್ಲಿ ಹಿಂದಿ ಕಲಿಯುವ ಮಗುವಿಗೆ ಕನ್ನಡದ ಓದುಬರಹ ಕೈತಪ್ಪಿದರೂ ಕಿವಿ ಇನ್ನೂ ಉಳಿದಿರುತ್ತದೆ. ಆ ಕಿವಿಗೆ ಬೇಕಾಗಿರುವುದು ಮನೆಯವರೆಲ್ಲ ಹಂಚಿಕೊಂಡ ನಾಲ್ಕು ಮಾತು, ಒಂದು ಕೀಟಲೆ, ಒಂದು ಬೈಗುಳ. ಅಪ್ಪ ಅರ್ಧ ಹೇಳಿದ್ದನ್ನು ಮಗಳು ಪೂರ್ತಿ ಮಾಡುವಂಥ ಸಾಲು. ಇದನ್ನು ಕನ್ನಡ ತರಗತಿಗಳು ಕೊಡಲಾರವು. ಹತ್ತು ಬಾರಿ ಕೂಡಿ ನೋಡಿದ ಒಂದು ಚಿತ್ರ ಕೊಡಬಲ್ಲದು.

ಆದ್ದರಿಂದ ಹೊರನಾಡಿನ ಕನ್ನಡ ಸಂಘಗಳಿಗೆ ನಮ್ಮದೊಂದು ಬಿನ್ನಹವಿದೆ. ರಾಜ್ಯೋತ್ಸವಕ್ಕೆ ಪ್ರತಿವರ್ಷ ಹೊಸ ಚಿತ್ರವನ್ನೇ ತರಬೇಕೆಂಬ, ತಾರೆಯನ್ನೇ ಕರೆಸಬೇಕೆಂಬ ಹಟವನ್ನು ಬಿಡಿ. ಒಂದು ಚಿತ್ರವನ್ನು ಆರಿಸಿಕೊಳ್ಳಿ. ‘ಘಟಶ್ರಾದ್ಧ’ವಾಗಲಿ, ‘ಓಂ’ ಆಗಲಿ, ‘ಉಳಿದವರು ಕಂಡಂತೆ’ಯಾಗಲಿ, ನಿಮ್ಮ ನಿಮ್ಮಲ್ಲಿ ಜಗಳವಾಡಿಯೇ ಆರಿಸಿ. ಹಕ್ಕುದಾರರಿಂದ ಅನುಮತಿ ಪಡೆದು ಪ್ರತಿವರ್ಷ ಅದೇ ದಿನ ಅದನ್ನೇ ತೋರಿಸಿ, ಜಾತ್ರೆಯ ಹಾಗೆ. ಮೊದಲ ವರ್ಷ ಹಿರಿಯರು ಬರುತ್ತಾರೆ, ಎರಡನೆಯ ವರ್ಷ ಗೊಣಗುತ್ತಾರೆ. ಐದನೆಯ ವರ್ಷಕ್ಕೆ ಮಕ್ಕಳು ಸಂಭಾಷಣೆಯನ್ನು ತೆರೆಗಿಂತ ಮುಂಚೆ ಹೇಳತೊಡಗುತ್ತಾರೆ. ಚಿತ್ರ ಮುಗಿದ ಮೇಲೆ ಸನ್ಮಾನ, ಹಾರ, ಭಾಷಣ ಬೇಡ. ಅದನ್ನು ಬೈಯುವುದಕ್ಕೂ ಅರ್ಧ ಗಂಟೆ ಇಡಿ. ಹಕ್ಕುದಾರರಿಗೆ ಪತ್ರ ಬರೆದು ಒಳ್ಳೆಯ ಪ್ರತಿ ಕೇಳಿ, ಕನ್ನಡ ಓದಲು ಬಾರದ ಮಕ್ಕಳಿಗಾಗಿ ಅಡಿಬರಹ ಕೇಳಿ, ಮೂಲ ರೂಪವನ್ನು ತಿದ್ದದಿರುವ ಭರವಸೆ ಕೇಳಿ. ಇಪ್ಪತ್ತು ಊರುಗಳ ಸಂಘಗಳು ಒಂದೇ ಚಿತ್ರಕ್ಕಾಗಿ ಕೇಳಿದಾಗ ಅದನ್ನು ಕಡೆಗಣಿಸುವುದು ಸುಲಭವಲ್ಲ.

ವಿಮರ್ಶಕರಿಗೂ ಪ್ರಚಾರದವರಿಗೂ ಒಂದೇ ಮಾತು. ಚಿತ್ರ ಬಿಡುಗಡೆಯಾದಾಗ ಹುಟ್ಟಿರದವರ ಬಾಯಲ್ಲಿ ಅದರ ಮಾತು ಕೇಳುವವರೆಗೆ ಯಾವುದನ್ನೂ ಕಲ್ಟ್ ಎನ್ನಬೇಡಿ. ಈ ಅಳತೆಯಲ್ಲಿ ನಾವು ಮೆಚ್ಚಿದ ‘ಉಳಿದವರು ಕಂಡಂತೆ’ಗೂ ಇನ್ನಷ್ಟು ಕಾಲ ಪರೀಕ್ಷೆಯಿದೆ. ಇರಲಿ. ಅದರ ಒಕ್ಕಲಿಗೆ ಕಾಯುವುದು ಗೊತ್ತು. ನಾಳೆಯ ಶುಕ್ರವಾರ ಬರಲಿರುವ ಚಿತ್ರದ ಪೋಸ್ಟರಿನಲ್ಲಿ ಆ ಪದ ಕಂಡರೆ ಮಾತ್ರ, ಅದರ ಒಕ್ಕಲು ಯಾವ ಊರಿನವರು, ಎಷ್ಟು ತಲೆಮಾರಿನವರು ಎಂದು ನಾವು ಕೇಳುವವರೇ.